ಆಯಿ ಮೇವು ಹಾಕಿದ ಮಿಡತೆಗಳು

ದ್ರಾಕ್ಷಾಯಿಣಿ,

ಬೆಳಿಗ್ಗೆ ಆರೂಕಾಲು. ನೀನು ಸಾಕಿದ ಹಲ್ಲಿ ಕೊನೆಗೂ ಮಿಡತೆ ತಿಂದಿತು. ಒಂದಲ್ಲ, ಎರಡು. ಅದು ಏನೂ ತಿನ್ನುತ್ತಿಲ್ಲವೆಂದು ರಾತ್ರಿ ನೀನು ಅಳುತ್ತ ತಡವಾಗಿ ಮಲಗಿದ್ದರಿಂದ ಎಬ್ಬಿಸಲಿಲ್ಲ. ಇನ್ನು ಅದು ಸಾಯುವುದಿಲ್ಲ.

ಇದು ನಮ್ಮಿಬ್ಬರ ಸಾಧನೆಯಲ್ಲ, ನನ್ನ ಅವ್ವನದು, ನಿನ್ನ ಆಯಿಯದು. ಲಿಂಗಪೂಜೆಯ ಮನೆಯಲ್ಲಿ ಹುಳ ಕೊಲ್ಲುತ್ತೀರಾ ಎಂದು ಜಗಳವಾಡಿದ ಅದೇ ಆಯಿ, ನಾವು ಡಬ್ಬಿಯಲ್ಲಿ ಮೇವಿಲ್ಲದೆ ಕೂಡಿಟ್ಟಿದ್ದ ಮಿಡತೆಗಳಿಗೆ ಮೊನ್ನೆಯಿಂದ ಗುಟ್ಟಾಗಿ ಗಜ್ಜರಿ ಗಡ್ಡೆಯ ಚೂರು, ಮೆಂತ್ಯದ ಸೊಪ್ಪು ಹಾಕುತ್ತಿದ್ದಾರೆ. ಯಾಕೆಂದು ಕೇಳಿದೆ.

“ಹೆಂಗೂ ಸಾಯೂ ಜೀವ, ಉಪಾಸ ಯಾಕ ಕೆಡವತೀರೊ? ಉಂಡಾದ್ರೂ ಹೋಗಲಿ” ಅಂದರು.

ನಾವು ಹಾಕುತ್ತಿದ್ದ ಮಿಡತೆಗಳು ಹಸಿದು ಮಂಕಾಗಿ ಕೂತಿರುತ್ತಿದ್ದವು. ಅಲುಗಾಡದ್ದನ್ನು ಹಲ್ಲಿ ಮುಟ್ಟುವುದಿಲ್ಲ. ಇವತ್ತಿನವು ಹೊಟ್ಟೆ ತುಂಬಿ ಜಿಗಿದಾಡಿದವು, ಹಲ್ಲಿ ಬಾಲ ಅಲ್ಲಾಡಿಸಿ ಹಾರಿ ಹಿಡಿಯಿತು. ಆಯಿ ನನಗಿಂತ ಜೋರಾಗಿ ನಕ್ಕರು.

ನಾನು ಹುಕ್ಕೇರಿಗೆ ಹೊರಟೆ. ನಾಳೆ ಸಂಜೆ ಇನ್ನೊಂದು ಹಾಕು. ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಮಿಡತೆ ಬೇಡ. ನೀರು ಬದಲಿಸು. ಆಯಿಯ ಜೊತೆ ಇವತ್ತೊಂದು ದಿನ ವಾದಕ್ಕಿಳಿಯಬೇಡ.

ಅಪ್ಪ

ಮಿಡತೆ ಹೊಸದಾಗಿ ಹಿಡಿಯಬೇಕು. ಔಷಧ ಹೊಡೆದ ಕಬ್ಬಿನಲ್ಲಿ ಬೇಡ, ಕೌಜಲಗಿ ರಸ್ತೆಯ ಗೋವಿನಜೋಳದ ಹೊಲಕ್ಕೆ ಹೋಗು. ನಾನು ಇದನ್ನು ಬರೆಯುತ್ತಿರುವಾಗಲೇ ಆಯಿ ಡಬ್ಬಿಯಲ್ಲಿ ಉಳಿದವನ್ನೆಲ್ಲ ಹಿತ್ತಲಲ್ಲಿ ಬಿಟ್ಟು ಬಂದರು.