ಕಸದ ಬುಟ್ಟಿಯಲ್ಲಿ ಸಿಕ್ಕ ಹಕ್ಕಿ

ಗ್ರಬೋ
ಭಾನುವಾರ, 17 ಸೆಪ್ಟೆಂಬರ್ 2023

ನನ್ನ ಪ್ರೀತಿಯ ಅಪ್ಪಾ, ಮ್ಫೆನೆ ಕುಲದ ಜಂಬಾಸೆಯವರೇ,

ನಿಮಗೂ ಅಮ್ಮನಿಗೂ ನಮಸ್ಕಾರ. ಬೈಯುವುದಿದ್ದರೆ ಪೂರ್ತಿ ಓದಿಸಿಕೊಂಡ ಮೇಲೆ ಬೈಯಿರಿ. ಏಳು ವಾರ ಕಾಗದ ಬರೆದಿಲ್ಲ, ಒಪ್ಪಿಕೊಂಡೆ. ಫೋನ್ ಮಾಡಿದಾಗಲೆಲ್ಲ ಅಮ್ಮನದು ಒಂದೇ ರಾಗ. "ನಿಮ್ಮಪ್ಪ ಫೋನಲ್ಲಿ ಆಡಿದ್ದನ್ನ ಮಾತು ಅಂತ ಲೆಕ್ಕಕ್ಕೇ ತಗೊಳಲ್ಲ ಕಣೇ. ಕೈಯಲ್ಲಿ ಹಿಡ್ಕೊಳ್ಳೋಕೆ ಏನಾದ್ರೂ ಕಳಿಸು." ಇಗೋ, ಹಿಡಿದುಕೊಳ್ಳಿ. ಅಂಚೆಯನ್ನು ನಂಬಿದರೆ ಕ್ರಿಸ್‌ಮಸ್ಸಿಗೂ ತಲುಪುವುದಿಲ್ಲವೆಂದು ಮಂಗಳವಾರದ ಬಟರ್‌ವರ್ತ್ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತೇನೆ. ನಿಮ್ಮ ಹೆಸರು ಹೇಳಿದರೆ ಸಾಕು, ಅವನು ಚಹಾ ಕುಡಿಯುವುದಕ್ಕಾದರೂ ಮನೆಯ ತನಕ ಬರುತ್ತಾನೆ.

ಸುದ್ದಿ ಏನೆಂದರೆ, ನಮ್ಮ ಹಕ್ಕಿ ಬದುಕಿದೆ! ಅಪ್ಪಾ, ಬದುಕಿದೆ! ಆತುರಾತುರವಾಗಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅಮ್ಮ ಅಡ್ಜಸ್ಟ್ ಮಾಡಿಕೊಂಡು ಓದಲಿ.

ಮೊದಲಿನಿಂದ ಹೇಳುತ್ತೇನೆ. ನಮ್ಮ ಭಾಷೆಯ ಹಕ್ಕಿಯೇ ಇರಲಿ ಎಂದು ಇಂಟಾಕ ಅಂತ ನಾವು ಹೆಸರಿಟ್ಟ ಉಪಗ್ರಹ ನೀವು ಅಂದುಕೊಂಡಂತೆ ಮನೆಯಷ್ಟು ದೊಡ್ಡದಲ್ಲ. ಅಮ್ಮ ಶನಿವಾರ ಬೇಯಿಸುತ್ತಾಳಲ್ಲ, ಆ ಬ್ರೆಡ್ಡಿನಷ್ಟು ಉದ್ದ, ಅಷ್ಟೇ ದಪ್ಪ. ಸಮುದ್ರದ ಮೇಲೆ ಹಾರುತ್ತಾ ಹಡಗುಗಳು ಕಳಿಸುವ ರೇಡಿಯೊ ಕರೆಗಳನ್ನು ಕೇಳಿಸಿಕೊಳ್ಳುವುದು ಅದರ ಕೆಲಸ. ಯಾರು ಕದ್ದು ಮೀನು ಹಿಡಿಯುತ್ತಿದ್ದಾರೆ, ಯಾರು ದಾರಿ ತಪ್ಪಿದ್ದಾರೆ ಎಂದು ನಮಗೆ ತಿಳಿಸಬೇಕು. ಅದರ ಕಿವಿ ಕಟ್ಟಿದವಳು ನಾನು. ಎರಡು ವರ್ಷ ಆ ಕೆಲಸದಲ್ಲಿ ಊಟ ನಿದ್ದೆ ಬಿಟ್ಟು ಕೂತಿದ್ದೆ ಎಂದು ನಿಮಗೆ ಗೊತ್ತೇ ಇದೆ.

ಆಗಸ್ಟ್ ಕೊನೆಯಲ್ಲಿ ರಾಕೆಟ್ ಹಾರಿತು. ಒಂದೇ ರಾಕೆಟ್ಟಿನಲ್ಲಿ ಬೇರೆ ಬೇರೆ ದೇಶದ ನಲವತ್ತೊಂದು ಉಪಗ್ರಹ! ಹದಿನಾರು ಸೀಟಿನ ಟ್ಯಾಕ್ಸಿ ವ್ಯಾನಿನಲ್ಲಿ ಇಪ್ಪತ್ತಮೂರು ಜನರನ್ನು ತುಂಬಿದ ನಿಮಗೆ ಇದೇನೂ ಆಶ್ಚರ್ಯವಲ್ಲ ಬಿಡಿ. ಮೇಲೆ ಹೋಗಿ ಎಲ್ಲವನ್ನೂ ಒಟ್ಟಿಗೆ ಇಳಿಸಿತು. ಇಳಿದ ಮೇಲೆ ಯಾವುದು ಯಾರದು ಎಂದು ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ದೂರದಿಂದ ನೋಡುವವರು ಚುಕ್ಕೆಗಳಿಗೆ ನಂಬರ್ ಕೊಟ್ಟು, "ಹದಿನೇಳು ನಿಮ್ಮದಿರಬಹುದು" ಅಂದರು. ಇರಬಹುದು ಎನ್ನುವುದು ನಮ್ಮ ಕಿವಿಗೆ ಬೀಳಲೇ ಇಲ್ಲ. ನಾನೇ ಆ ಹದಿನೇಳನ್ನು ಪ್ರೋಗ್ರಾಮಿಗೆ ಬರೆದೆ.

ಹಾಗೆ ಬರೆಯುವುದೆಂದರೆ ಏನು ಎಂದು ಹೇಳಬೇಕು. ಚಿಕ್ಕವಳಿದ್ದಾಗ ನಾನು ರಸ್ತೆ ಬದಿ ನಿಂತು ನಿಮ್ಮ ವ್ಯಾನ್ ಕಾಯುತ್ತಿದ್ದೆನಲ್ಲ, ಹಾರ್ನ್ ಒತ್ತಿಕೊಂಡು ಬರುವಾಗ ಸದ್ದು ಸಣ್ಣಗೆ ಚೂಪಾಗಿ ಇರುತ್ತಿತ್ತು, ದಾಟಿ ಹೋದ ಮೇಲೆ ಗಡುಸಾಗುತ್ತಿತ್ತು. ಆಕಾಶದಿಂದ ಬರುವ ರೇಡಿಯೊ ದನಿಯೂ ಅಷ್ಟೇ. ಹದಿನೇಳನೆಯದು ನಮ್ಮ ತಲೆಯ ಮೇಲೆ ಎಷ್ಟು ಗಂಟೆಗೆ ದಾಟುತ್ತದೆ, ಆಗ ದನಿ ಹೇಗೆ ಇಳಿಯಬೇಕು ಎಂದು ಲೆಕ್ಕ ಹಾಕಿ, ಹಾಗೆ ಇಳಿಯುವ ದನಿಯನ್ನು ಮಾತ್ರ ಕೇಳು, ಮಿಕ್ಕಿದ್ದೆಲ್ಲ ಬೇರೆಯವರ ಮಕ್ಕಳ ಗಲಾಟೆ, ಎಸೆ ಎಂದು ಪ್ರೋಗ್ರಾಮಿಗೆ ಹೇಳಿದೆ. ಅದು ಹೇಳಿದ ಮಾತು ಕೇಳುವ ಪ್ರಾಣಿ. ಎಸೆಯಿತು.

ಹನ್ನೊಂದು ದಿನ ಕರೆದೆವು. ಉಸಿರಿಲ್ಲ. ಹಕ್ಕಿಯ ರೆಕ್ಕೆ, ಅಂದರೆ ಬಿಸಿಲು ಹೀರುವ ಹಲಗೆಗಳು, ನಾವು ಇಲ್ಲಿಂದ ಹೇಳಿದರೆ ಮಾತ್ರ ಬಿಚ್ಚಿಕೊಳ್ಳುತ್ತವೆ. ಬಿಚ್ಚದಿದ್ದರೆ ಬ್ಯಾಟರಿ ದಿನದಿನಕ್ಕೆ ಸೊರಗಿ ಹದಿನೈದು ಹದಿನಾರನೆಯ ದಿನಕ್ಕೆ ಪ್ರಾಣ ಹೋಗುತ್ತದೆ. ನಮ್ಮ ಯಜಮಾನ ಗಿಡಿಯನ್ ಲ್ಯಾಟೆಗನ್ ಗೊತ್ತಲ್ಲ, ಆ ಗಡ್ಡದ ಬೋಯರ್ ಬಿಳಿಯ, ಬುಧವಾರ ಬೆಳಿಗ್ಗೆ ಕುರ್ಚಿ ಎಳೆದುಕೊಂಡು ಕೂತ.

"ಶುಕ್ರವಾರ ಮೇಲಿನವರಿಗೆ ಬರೆದುಬಿಡ್ತೀನಿ, ಸತ್ತಿದೆ ಅಂತ. ಎಷ್ಟು ದಿನ ಅಂತ ಹೆಣದ ಬಾಗಿಲು ತಟ್ಟೋದು?"

"ಆಮೇಲೆ ನಾವು?" ಅಂದೆ.

"ಆಮೇಲೆ ನಾವೇನು, ಸೇಬು ಕೀಳೋಕೆ ಹೋಗೋದು. ಗ್ರಬೋದಲ್ಲಿ ಅದಕ್ಕೇನು ಬರವಾ?"

ಅವನು ನಗಿಸಲು ಹೇಳಿದ್ದು, ಆದರೆ ಮಾತು ನಿಜ. ಹಕ್ಕಿ ಸತ್ತರೆ ನಮ್ಮ ತಂಡವೂ ಅಲ್ಲಿಗೇ ಮುಗಿಯಿತು. ನನ್ನ ಪಕ್ಕದಲ್ಲಿ ಕೂರುವ ಸುರಾಯಾ ಬಾಯಿ ಹಾಕಿದಳು. ಅವಳದು ಕೇಪ್ ಟೌನಿನ ಬೋ-ಕಾಪ್ ಕೇರಿ, ನಾಲಿಗೆಗೆ ಬೀಗವಿಲ್ಲ.

"ನೀವಿಬ್ರೂ ಯಾರದೋ ಮನೆ ಮಗೂನ ನಿಮ್ಮದು ಅಂತ ಕರೀತಾ ಇಲ್ಲ ತಾನೇ? ಅದ್ಯಾಕೆ ತಿರುಗಿ ನೋಡುತ್ತೆ? ಜೊಲೆಕಾ, ನಿಮ್ಮೂರಲ್ಲಿ ಗೇಟಿನ ಹತ್ರ ಗುರುತಿಲ್ಲದ ಮಗು ನಿಂತಿದ್ರೆ ಮೊದಲು ಏನು ಕೇಳ್ತೀರಿ?"

"ಯಾವ ಕುಲ ಅಂತ ಕೇಳ್ತೀವಿ."

"ನೀನು ಕೇಳಿದ್ಯಾ?"

ಥೂ, ನನ್ನ ಜನ್ಮಕ್ಕಿಷ್ಟು! ಬಟರ್‌ವರ್ತಿನ ಹೆಣ್ಣುಮಗಳಿಗೆ ಬೋ-ಕಾಪಿನವಳು ಬುದ್ಧಿ ಹೇಳಬೇಕಾಯಿತು. ಕುಲ ಕೇಳದೆ ನಂಬರ್ ನೋಡಿ ಮಗುವನ್ನು ಗುರುತಿಸಲು ಹೊರಟಿದ್ದೆ ನಾನು.

ಛಾವಣಿಯ ಮೇಲೆ ನಮ್ಮದೊಂದು ಸಣ್ಣ ಕಡ್ಡಿ ಆಂಟೆನಾ ಇದೆ. ಅದು ದೊಡ್ಡದರ ಹಾಗೆ ಒಂದೇ ಕಡೆ ಮುಖ ಮಾಡುವುದಿಲ್ಲ, ಎಲ್ಲ ದಿಕ್ಕಿನಿಂದ ಬಂದದ್ದನ್ನೂ ಕೇಳಿ ಬರೆದಿಡುತ್ತದೆ. ಅದು ಬರೆದಿಟ್ಟದ್ದರಲ್ಲಿ ನನ್ನ ಪ್ರೋಗ್ರಾಮು ಬೇಡವೆಂದು ಎಸೆದ ಹನ್ನೊಂದು ದಿನದ ಕಸ ಹಾಗೇ ಬಿದ್ದಿತ್ತು. ಕೂತು ಕೆದಕಿದೆ. ಬಹಳಷ್ಟು ಕಸವೇ. ಆದರೆ ಸಂಜೆ ನಾಲ್ಕರ ಹೊತ್ತಿಗೆ ಒಂದು ಸಣ್ಣ ದನಿ ಸಿಕ್ಕಿತು, ಅರ್ಧ ನಿಮಿಷಕ್ಕೊಮ್ಮೆ ಮೂರು ಚಿಲಿಪಿಲಿ. ನಾವೇ ಅದಕ್ಕೆ ಕಲಿಸಿದ್ದ ಚಿಲಿಪಿಲಿ, ಅಪ್ಪಾ! ಹನ್ನೊಂದು ದಿನವೂ ಇತ್ತು. ದಾಟುವ ಹೊತ್ತು ಮಾತ್ರ ನಮ್ಮ ಲೆಕ್ಕಕ್ಕಿಂತ ನಾಲ್ಕು ನಿಮಿಷ ಮುಂಚೆ. ನಮ್ಮದು ಹದಿನೇಳಲ್ಲ, ಇಪ್ಪತ್ತಾರು. ಪಾಪ, ಅದು ಬಂದು ಕೂಗಿ ಕೂಗಿ ಹೋದ ಮೇಲೆ ನಾವು ಬಾಗಿಲು ತೆಗೆದು "ಯಾರೂ ಇಲ್ವಲ್ಲ" ಎನ್ನುತ್ತಿದ್ದೆವು.

ನಾನು ಕಿರುಚಿದ್ದಕ್ಕೆ ಗಿಡಿಯನ್ ಕಾಫಿ ಚೆಲ್ಲಿಕೊಂಡ. ಪರದೆ ನೋಡಿದ. ಇನ್ನೊಮ್ಮೆ ನೋಡಿದ. ಕನ್ನಡಕ ಒರೆಸಿ ಮತ್ತೆ ನೋಡಿದ. "ನಾಳೆ ಎಷ್ಟೊತ್ತಿಗೆ ದಾಟುತ್ತೆ?" ಅಂದ. ಒಂಬತ್ತು ಹನ್ನೆರಡಕ್ಕೆ ಅಂದೆ. ಸುರಾಯಾ ಫೋನಿನಲ್ಲಿ ಕರೆಂಟು ಕಡಿತದ ವೇಳಾಪಟ್ಟಿ ನೋಡಿ ತಲೆಗೆ ಕೈ ಹೊತ್ತಳು. ಗುರುವಾರ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ನಮ್ಮ ಕಡೆ ಕರೆಂಟಿಲ್ಲ!

ಜನರೇಟರ್ ಇದೆಯಲ್ಲ ಎನ್ನುತ್ತೀರಿ. ಇದೆ, ಇಟ್ಟ ಜಾಗದಲ್ಲಿ ಚೆನ್ನಾಗಿದೆ. ಗುರುವಾರ ಎಂಟೂವರೆಗೆ ಎಳೆದರೆ ಎರಡು ಸಲ ಕೆಮ್ಮಿ ಮಲಗಿತು. ಗಿಡಿಯನ್ ತನ್ನ ಭಾಷೆಯಲ್ಲಿ ಅದರ ವಂಶವನ್ನೆಲ್ಲ ಜಾಲಾಡುತ್ತಿದ್ದಾಗ ನನಗೆ ನೀವು ನೆನಪಾದಿರಿ. ನಮ್ಮ ಈಸ್ಟ್ ಲಂಡನ್ ಪೇಟೆಯ ದಾರಿಯಲ್ಲಿ ಕೆಟ್ಟು ನಿಂತ ಎಷ್ಟು ಗಾಡಿಗಳನ್ನು ನಿಮ್ಮ ಬ್ಯಾಟರಿಯಿಂದ ಎಬ್ಬಿಸಿಲ್ಲ ನೀವು! ಗಿಡಿಯನ್ನನ ಹಳೆಯ ಪಿಕಪ್ಪನ್ನು ಕಿಟಕಿಯ ಬುಡಕ್ಕೇ ತಂದು ನಿಲ್ಲಿಸಿದೆ. ಬಾನೆಟ್ ಎತ್ತಿ, ಕೆಂಪು ಕಪ್ಪು ವಯರ್ ಕಚ್ಚಿಸಿ, ಕಿಟಕಿಯೊಳಗಿಂದ ಎಳೆದು ನಮ್ಮ ಯಂತ್ರಕ್ಕೆ ಕೊಟ್ಟೆ.

"ಇಂಜಿನಿಯರ್ ಅಂದ್ಕೊಂಡಿದ್ದೆ. ನೀನು ಟ್ಯಾಕ್ಸಿಯವಳಲ್ವಾ!" ಅಂದ ಸ್ಟಿಯರಿಂಗ್ ಹಿಡಿದು ಕೂತ ಗಿಡಿಯನ್.

"ಟ್ಯಾಕ್ಸಿಯವರ ಮಗಳು. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೀಬೇಡ್ರೀ!" ಅಂದೆ. ಯಜಮಾನನನ್ನೇ ಗದರಿದೆ. ಅವನು ಪಿಕಪ್ಪಿನಲ್ಲಿ ಕೂತು ಇಂಜಿನ್ ಓಡಿಸುತ್ತಲೇ ಇದ್ದ.

ಒಂಬತ್ತು ಹನ್ನೆರಡು. ದೊಡ್ಡ ಆಂಟೆನಾವನ್ನು ಇಪ್ಪತ್ತಾರರ ದಾರಿಗೆ ತಿರುಗಿಸಿದ್ದೆ. ರೆಕ್ಕೆ ಬಿಚ್ಚು ಎಂದು ಹೇಳಿ ಕಳಿಸಿದೆ. ಏನೂ ಇಲ್ಲ. ಮತ್ತೆ ಕಳಿಸಿದೆ. ಸುರಾಯಾ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಇವತ್ತಿಗೂ ನೀಲಿಗಟ್ಟಿದೆ. ಮೂರನೆಯ ಸಲ ಕಳಿಸಿದೆ. ಆಗ ಬಂತು! ಚಿಲಿಪಿಲಿಯಲ್ಲ, ಪೂರ್ತಿ ಮಾತು. ಒಂದು ರೆಕ್ಕೆ ಬಿಚ್ಚಿದೆ. ಎರಡನೆಯದು ಬಿಚ್ಚಿದೆ. ಬ್ಯಾಟರಿ ನೂರಕ್ಕೆ ಒಂಬತ್ತಿತ್ತು, ಹತ್ತಾಯಿತು, ನಾವು ನೋಡುತ್ತಿದ್ದಂತೆ ಹನ್ನೊಂದಾಯಿತು.

ನನಗೇನಾಯಿತೋ ಗೊತ್ತಿಲ್ಲ. ಮೇಜಿನ ಮೇಲೆ ಹತ್ತಿ ನಿಂತು, ಮದುವೆಮನೆಯಲ್ಲಿ ನಿಮ್ಮಕ್ಕ ಕೂಗುವ ಹಾಗೆ ನಮ್ಮ ಕುಲದ ಹೆಸರುಗಳನ್ನೆಲ್ಲ ಕೂಗಿದೆ. "ಮ್ಫೆನೆ! ಲಿಸಾ! ಜಂಬಾಸೆ! ಹ್ಲಾತಿ!"

ಕಿಟಕಿಯಲ್ಲಿ ಗಿಡಿಯನ್ನನ ಗಡ್ಡ ಕಾಣಿಸಿತು. "ಏನದು, ಪಾಸ್‌ವರ್ಡಾ?"

"ಹೂಂ. ಅದು ನಮ್ಮ ಮನೆಯದು. ಇನ್ನು ಯಾರಾದ್ರೂ ನಂಬರ್ ಹಿಡಿದು ಕರೆದ್ರೆ ನೋಡಿ."

ಅವನು ಅತ್ತ ಅಪ್ಪಾ. ಆರಡಿ ಮೂರಂಗುಲದ ಗಂಡಸು, ಪಿಕಪ್ಪಿನ ಬಾಗಿಲಿಗೆ ಒರಗಿ ಮಗುವಿನ ಹಾಗೆ ಅತ್ತ. ಅಳುತ್ತಲೇ ಕಾಲು ಮತ್ತೆ ಆಕ್ಸಿಲರೇಟರಿಗೆ ಇಟ್ಟ. ಇವತ್ತು ಬೆಳಿಗ್ಗೆ ಸುರಾಯಾ ಮನೆಯಿಂದ ಕೊಬ್ಬರಿ ಹೊರಳಿಸಿದ ಬಿಸಿ ಬಿಸಿ ಕೂಸಿಸ್ಟರ್ ಎಂಬ ಸಿಹಿತಿಂಡಿ ಒಂದು ಡಬ್ಬಿ ತಂದಳು. ನಾನೊಬ್ಬಳೇ ಆರು ತಿಂದೆ, ಹೊಟ್ಟೆ ಭಾರವಾಗಿದೆ, ಮನಸ್ಸು ಹಗುರವಾಗಿದೆ. ಈಗಾಗಲೇ ಹಕ್ಕಿ ಒಂಬತ್ತು ಹಡಗುಗಳ ಹೆಸರು ಹೇಳಿದೆ. ತಂಡ ಉಳಿಯಿತು, ಇನ್ನೂ ಮೂರು ವರ್ಷಕ್ಕೆ ಸಹಿಯೂ ಆಯಿತು.

ಬರುವ ಭಾನುವಾರ ಇಪ್ಪತ್ತನಾಲ್ಕು, ನಾಡಿನ ಪರಂಪರೆಯ ಹಬ್ಬದ ದಿನ. ಗಿಡಿಯನ್ ಒಂದು ಇಡೀ ಕುರಿ ಸುಡುತ್ತಾನಂತೆ. "ನಿಮ್ಮಪ್ಪನ್ನ ಕರಿ, ಆ ಬ್ಯಾಟರಿ ವಿದ್ಯೆ ಕಲಿಸಿದವರಿಗೆ ತೊಡೆ ಮಾಂಸ ನನ್ನ ಕಡೆಯಿಂದ" ಎಂದಿದ್ದಾನೆ. ಬನ್ನಿ ಅಪ್ಪಾ. ಅಮ್ಮನನ್ನೂ ಕರೆತನ್ನಿ. ಅಮ್ಮಾ, ನೀನು ಬರದಿದ್ದರೆ ಇವರಿಗೆ ಮೆಕ್ಕೆಜೋಳ ಅವರೆಕಾಳು ಬೇಯಿಸುವುದು ಹೇಗೆಂದು ಯಾರು ತೋರಿಸುತ್ತಾರೆ? ಇಲ್ಲಿ ಡಬ್ಬಿಯಿಂದ ತೆಗೆದು ಬಿಸಿ ಮಾಡುತ್ತಾರೆ, ನೋಡಿದರೆ ನಿನಗೆ ಕಣ್ಣೀರು ಬರುತ್ತದೆ.

ನಮ್ಮ ಹಿರಿಯರು ನಿಮ್ಮಿಬ್ಬರನ್ನೂ ಕಾಯಲಿ. ನಿಮ್ಮ ದನಗಳು ತುಂಬಿದ ಹೊಟ್ಟೆಯಲ್ಲಿ ಮನೆಗೆ ಬರಲಿ. ನನ್ನ ತಲೆಯ ಮೇಲೆ ನಿಮ್ಮ ಕೈ ಸದಾ ಇರಲಿ.

ನಿಮ್ಮ ಮಗಳು,
ಜೊಲೆಕಾ

ಮರೆತ ಮಾತು: ಅಮ್ಮಾ, ಗಟ್ಟಿಯಾಗಿ ಓದುವುದನ್ನು ಇಲ್ಲಿಗೆ ನಿಲ್ಲಿಸಿ ಈ ಹಾಳೆ ಅಪ್ಪನ ಕೈಗೆ ಕೊಡು, ನಿಧಾನವಾಗಿಯಾದರೂ ಇದನ್ನು ಅವರೇ ಓದಿಕೊಳ್ಳಲಿ.

ಅಪ್ಪಾ, ಮರೆತದ್ದಲ್ಲ. ಮೂರು ದಿನದಿಂದ ಬರೆಯಲು ಧೈರ್ಯ ಸಾಲಲಿಲ್ಲ. ಗ್ಕೆಬೆರ್ಹಾ ಊರಿನಲ್ಲಿ ಕಾರಿನ ರೇಡಾರ್ ಕೆಲಸದಲ್ಲಿದ್ದಾಗ ನಿಮ್ಮ ವ್ಯಾನಿನ ಮೂತಿಗೆ ಪರೀಕ್ಷೆಗೆಂದು ಒಂದು ಪೆಟ್ಟಿಗೆ ಕಟ್ಟಿದ್ದೆ. ಮುಂದೆ ಏನಾದರೂ ಅಡ್ಡ ಬಂದರೆ ಕೂಗುವ ಪೆಟ್ಟಿಗೆ. ಅದು ಪ್ರತಿ ಸೇತುವೆ, ಪ್ರತಿ ಬೋರ್ಡಿಗೂ ಕೂಗುತ್ತದೆಂದು ನೀವು ರೇಗಿದಿರಿ. ಆಗ ನಾನು ನಿಂತಿರುವುದೆಲ್ಲ ಕಸ, ಎಸೆ, ಓಡುತ್ತಿರುವುದಕ್ಕೆ ಮಾತ್ರ ಕೂಗು ಎಂದು ಅದಕ್ಕೆ ಹೇಳಿಕೊಟ್ಟೆ. ಮುಂದಿನ ತಿಂಗಳೇ ಕೇಯ್ ಘಾಟಿಯ ಮಂಜಿನಲ್ಲಿ ನಿಮ್ಮ ವ್ಯಾನ್ ಗುದ್ದಿದ ಆ ಲಾರಿ ಕೆಟ್ಟು ನಿಂತಿತ್ತು.

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಲ್ಲರೂ ಜಂಬಾಸೆ ತೂಕಡಿಸಿದ ಅಂದರು. ನಿಮ್ಮ ಹಿಂದೆ ಕೂತಿದ್ದವರೂ ಹಾಗೇ ಹೇಳಿದರು. ಕೊನೆಗೆ ನೀವೇ "ವಯಸ್ಸಾಯ್ತು ಮಗಳೇ, ಕಣ್ಣು ಮುಚ್ಚಿರಬೇಕು" ಎಂದು ವ್ಯಾನಿನ ಬೀಗದ ಕೈ ಗೋಡೆಗೆ ನೇತುಹಾಕಿ ಓಡಿಸುವುದನ್ನೇ ಬಿಟ್ಟಿರಿ. ಎರಡು ವರ್ಷದ ಮೇಲಾಯಿತು. ಕಂಡದ್ದನ್ನೆಲ್ಲ ಬರೆದಿಡುವ ಪೆಟ್ಟಿಗೆಯ ಮೆಮೊರಿ ಚಿಪ್ ನನ್ನ ಹತ್ತಿರವೇ ಇತ್ತು. ತೆರೆದು ನೋಡಲು ಭಯವಾಗಿ ಡ್ರಾಯರಿನಲ್ಲಿ ಇಟ್ಟಿದ್ದೆ. ಎಸೆದ ಕಸದಲ್ಲಿ ಹಕ್ಕಿ ಸಿಕ್ಕ ಮೇಲೆ ಸುಮ್ಮನಿರಲು ಆಗಲಿಲ್ಲ, ಗುರುವಾರ ಮಧ್ಯಾಹ್ನ ತೆರೆದೆ.

ನೂರಿಪ್ಪತ್ತು ಮೀಟರ್ ದೂರದಿಂದಲೇ ಪೆಟ್ಟಿಗೆಗೆ ಲಾರಿ ಕಂಡಿತ್ತು. ಕೂಗಿದ್ದರೆ ನೀವು ಆರಾಮವಾಗಿ ನಿಲ್ಲಿಸುತ್ತಿದ್ದಿರಿ. ಅದು ಕೂಗಲಿಲ್ಲ, ಏಕೆಂದರೆ ನಾನು, ನಿಮ್ಮ ಮಗಳು ಜೊಲೆಕಾ, ಕೂಗಬೇಡ ಎಂದಿದ್ದೆ. ತಪ್ಪು ನನ್ನದು. ಇನ್ನೊಂದು ವಿಷಯವೂ ಅದರಲ್ಲಿದೆ. ಲಾರಿ ಮೂವತ್ತು ಮೀಟರ್ ದೂರದಲ್ಲಿದ್ದಾಗ, ಆ ಮಂಜಿನಲ್ಲಿ ಯಾವ ಮನುಷ್ಯನ ಕಣ್ಣಿಗೂ ಅದಕ್ಕಿಂತ ಬಹಳ ಮುಂಚೆ ಕಾಣುತ್ತಿರಲಿಲ್ಲ, ವ್ಯಾನಿನ ವೇಗ ಇಳಿಯಲು ಶುರುವಾಗಿದೆ. ಗಂಟೆಗೆ ಎಪ್ಪತ್ತನಾಲ್ಕು ಕಿಲೋಮೀಟರ್ ಇದ್ದದ್ದು ಗುದ್ದುವ ಹೊತ್ತಿಗೆ ಇಪ್ಪತ್ತೆಂಟು. ಅದಕ್ಕೇ ಒಳಗಿದ್ದ ಹದಿನಾಲ್ಕು ಜನರೂ ನಡೆದುಕೊಂಡು ಮನೆಗೆ ಹೋದರು. ನಿದ್ದೆಯಲ್ಲಿದ್ದವರು ಬ್ರೇಕ್ ಒತ್ತುವುದಿಲ್ಲ, ಅಪ್ಪಾ. ನೀವು ಎಚ್ಚರವಾಗಿದ್ದಿರಿ.

ಲೆಕ್ಕದ ಚಿತ್ರವನ್ನು ಇದರ ಹಿಂದೆ ಅಂಟಿಸಿದ್ದೇನೆ. ನನ್ನನ್ನು ಕ್ಷಮಿಸುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ನಾಳೆಯೇ ಈ ಹಾಳೆಯನ್ನು ಸ್ಟ್ಯಾಂಡಿಗೆ ಒಯ್ದು, ಎಲ್ಲರಿಗೂ ಕೇಳುವ ಹಾಗೆ ಓದಿಸಿ. ತಪ್ಪು ಯಾರದು ಎಂದು ಬರೆದಿರುವ ಕಡೆ ನನ್ನ ಹೆಸರನ್ನು ಎರಡು ಸಲ ಓದಿಸಿ.