ಬಾಗಿಲ ಸಂದಿನ ಹೊಗೆ

ಬುಕಾರಮಾಂಗ, ಹೆಣ್ಣುಮಕ್ಕಳ ಹಾಸ್ಟೆಲ್
ಮೇ ೧೧, ಸೋಮವಾರ ಮಧ್ಯಾಹ್ನ

ಪ್ರೀತಿಯ ಎಲಿಯೆಸೆರ್ ಅಣ್ಣಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಎಡಗಿವಿಯ ನೋವು ಈಗಲೂ ಬರುತ್ತದಾ? ಇಷ್ಟು ಬರೆದು, ಹೊಡೆದು ಹಾಕಿ, ಮತ್ತೆ ಬರೆದೆ. ಬೋರ್ಡಿಂಗ್ ಶಾಲೆಯಲ್ಲಿ ಸಿಸ್ಟರುಗಳು ನಮಗೆ ಮೊದಲು ಆರೋಗ್ಯ, ಆಮೇಲೆ ಸುದ್ದಿ ಎಂದು ಕಾಗದ ಬರೆಯುವುದನ್ನು ಕಲಿಸಿದ್ದರು. ಎಲ್ಲಿದ್ದಾನೆಂದೇ ಗೊತ್ತಿಲ್ಲದವನ ಆರೋಗ್ಯವನ್ನು ಹೇಗೆ ವಿಚಾರಿಸಬೇಕು ಎಂಬ ಪಾಠ ಇರಲಿಲ್ಲ. ನೀನು ಬಯಲುಸೀಮೆಯ ತೋಟದಲ್ಲಿ ಕೆಲಸವಿದೆಯೆಂದು ಯಾರದೋ ಲಾರಿ ಹತ್ತಿ ಹೋದಮೇಲೆ ಇದು ನಾಲ್ಕನೆಯ ಮೇ. ನಾನು ಚೆನ್ನಾಗಿದ್ದೇನೆ, ಅಂದರೆ ನನ್ನ ಮಟ್ಟಿಗೆ ಚೆನ್ನಾಗಿದ್ದೇನೆ. ಸಿವಿಲ್ ಇಂಜಿನಿಯರಿಂಗ್ ಮೊದಲ ವರ್ಷ. ರೂಮ್‌ಮೇಟ್ ಹೇಳುತ್ತಾಳೆ, ನಾನು ನಿದ್ದೆಯಲ್ಲಿ ಇಂಗ್ಲಿಷಿನಲ್ಲಿ ಸಾರಿ ಕೇಳುತ್ತೇನಂತೆ. ನಗು ಬಂತಲ್ಲವಾ? ಸಿಸ್ಟರುಗಳ ಹತ್ತಿರ ಕಲಿತ ಅರ್ಧ ಇಂಗ್ಲಿಷನ್ನು ನಾನು ಮನೆಯಲ್ಲಿ ಉದುರಿಸಿದಾಗಲೆಲ್ಲ ನೀನು "ದೊರೆಸಾನಿಗೆ ಕುರ್ಚಿ ಹಾಕ್ರಪ್ಪೋ" ಅನ್ನುತ್ತಿದ್ದೆ. ಅಮ್ಮನ ಮಂಡಿನೋವು ಹಾಗೇ ಇದೆ. ಚುಟ್ಟಾ ಸುತ್ತುವ ಕೈ ಮಾತ್ರ ಮೊದಲಿನಂತೆಯೇ, ಮಾತಾಡುತ್ತ ಮಾತಾಡುತ್ತ ಎಲೆ ಕತ್ತರಿಸಿ, ಸುತ್ತಿ, ಅಂಟಿಸಿ ಬಿಸಾಡುತ್ತಾಳೆ.

ಇನ್ನು ಸುದ್ದಿ. ಸುದ್ದಿಯೆಂದರೆ ಇರುವೆ. ನಗಬೇಡ. ನೀನು ಮನೆಯ ಮುಂದೆ ಚೌಕಾಕಾರವಾಗಿ ಹಾಕಿದ್ದ ಹುಲ್ಲುಹಾಸು ನೆನಪಿದೆಯಾ, ಚರ್ಚಿನಲ್ಲಿ ನನ್ನ ಮೊದಲ ಪರಮಪ್ರಸಾದದ ದಿನ ಬಿಳಿ ಬೂಟಿಗೆ ಮಣ್ಣಾಗಬಾರದೆಂದು? ಅದರ ಮೇಲೆ ಕಾಲಿಟ್ಟರೆ ಈಗ ಕಾಲು ಒಳಗಿಳಿಯುತ್ತದೆ. ಎಲೆಕತ್ತರಿ ಇರುವೆಗಳು ಅಡಿಯಲ್ಲಿ ಒಂದು ಊರನ್ನೇ ಕಟ್ಟಿಕೊಂಡಿವೆ. ಕಿತ್ತಳೆ ಮರದಲ್ಲಿ ಸಂಜೆಗಿದ್ದ ಚಿಗುರು ಬೆಳಿಗ್ಗೆಗೆ ಇರುವುದಿಲ್ಲ, ಕಡ್ಡಿಗಳು ಮಾತ್ರ. ಅಡುಗೆಮನೆಗೂ ಒಂದು ಸಾಲು ಬಂದು, ಅರೆಪಾ ರೊಟ್ಟಿಗೆಂದು ಕುಟ್ಟಿಟ್ಟ ಮುಸುಕಿನ ಜೋಳದ ನುಚ್ಚನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತದೆ. ಆದರೆ ನನಗೆ ಭಯವಾದದ್ದು ನಿನ್ನ ಕೋಣೆಯ ಗೋಡೆ. ಹೊರಗಿನಿಂದ ನೋಡಿದರೆ ಆ ಮಣ್ಣುಗೋಡೆಯಲ್ಲಿ ಬುಡದಿಂದ ಸೂರಿನವರೆಗೆ ಬಿರುಕು, ನನ್ನ ಬೆರಳು ಸಲೀಸಾಗಿ ಹೋಗುತ್ತದೆ. ಬುಡ ಟೊಳ್ಳಾದರೆ ಗೋಡೆ ನಿಲ್ಲುವುದಿಲ್ಲ ಎನ್ನುವಷ್ಟನ್ನು ಮೊದಲ ವರ್ಷದಲ್ಲೇ ಕಲಿಸಿದ್ದಾರೆ. ಗೋಡೆಯ ಈಚೆ ಅಮ್ಮ ಮಲಗುತ್ತಾಳೆ. ಆಚೆಯ ಕೋಣೆ ನೀನು ಹೋದಂದಿನಿಂದ ಬೀಗದಲ್ಲಿದೆ, ಕೀಲಿಕೈ ದೇವಮಾತೆಯ ಪದಕದ ಜೊತೆ ಅಮ್ಮನ ಕೊರಳಲ್ಲಿದೆ. ಗುಡಿಸಲಿಕ್ಕೂ ತೆಗೆಯುವುದಿಲ್ಲ. "ಅವನ ಸಾಮಾನು ಮುಟ್ಟಿದ್ರೆ ಬಂದು ಜಗಳ ಆಡ್ತಾನೆ" ಅನ್ನುತ್ತಾಳೆ, ಅಷ್ಟೇ.

ಮದ್ದು ಮಾಡದೆ ಇಲ್ಲ. ಬೂದಿ ಹಾಕಿದೆವು, ಕುದಿನೀರು ಹೊಯ್ದೆವು, ಕಾಫಿ ಚರಟ ಚೆಲ್ಲಿದೆವು. ಪಕ್ಕದ ಮನೆ ಒತಿಲಿಯಕ್ಕ ಬಂದು ಅಮ್ಮನಿಗೆ, "ಅದೆಲ್ಲ ಬಿಡು ಎರ್ಮೆನ್ಸಿಯಾ, ಒಂದು ಗೂಡಿನ ಮಣ್ಣು ತಂದು ಇನ್ನೊಂದು ಗೂಡಿಗೆ ಹಾಕ್ಬೇಕು. ಪರಕೀಯರ ವಾಸನೆ ಬಡಿದ್ರೆ ಮುಖ ಸಿಂಡರಿಸ್ಕೊಂಡು ಊರು ಬಿಡ್ತವೆ, ನನ್ನ ಸೊಸೆ ಹಂಗೆ" ಎಂದು ತನ್ನ ಹಿತ್ತಲ ಗೂಡಿನ ಮಣ್ಣನ್ನು ಬೋಗುಣಿಯಲ್ಲಿ ತಂದು ಸುರಿದಳು. ಇರುವೆಗಳು ಆ ಮಣ್ಣನ್ನೂ ಅಚ್ಚುಕಟ್ಟಾಗಿ ಬದಿಗೆ ಸರಿಸಿ ತಮ್ಮ ಕೆಲಸ ಮುಂದುವರಿಸಿದವು. ಆಗ ನಾನೇ ಹಟ ಹಿಡಿದು ಕ್ರಿಸಾಂತೊನನ್ನು ಕರೆಸಿದೆ. ಇರುವೆ ಕೊಲ್ಲುವುದೇ ಅವನ ಕಸುಬು. ಅವನ ಮೀಸೆಗಿಂತ ಮಾತು ಉದ್ದ. ಸುತ್ತ ಏಳು ಊರಿನ ಇರುವೆಗಳು ತನ್ನ ಹೆಸರು ಕೇಳಿದರೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತವೆ ಎನ್ನುತ್ತ ಒಂದು ಚೀಲ ವಿಷದ ಕಾಳು ಇಳಿಸಿದ. ಇರುವೆ ಅದನ್ನು ಎಲೆಯೆಂದುಕೊಂಡು ತಾನೇ ಹೊತ್ತು ಒಳಗೆ ಒಯ್ಯುತ್ತದೆ, ಒಳಗಿನವರಿಗೆಲ್ಲ ಬಡಿಸುತ್ತದೆ, ಅಲ್ಲಿಗೆ ಮುಗಿಯಿತು. ಒತಿಲಿಯಕ್ಕ ಬೇಲಿಯ ಮೇಲಿಂದಲೇ ಕೂಗಿದಳು: "ಏನೇ ಯಾಮಿಲೆ, ಈ ತಿಂಗಳಲ್ಲಾ ವಿಷ ಹಾಕೋದು? ಇನ್ನೇನು ಒಂದು ಮಳೆ ಬಿದ್ದು ಬಿಸಿಲು ಕಾದ್ರೆ ಇದೇ ಗೂಡಿಂದ ಕುಂಡಿಯಿರುವೆ ಹಾರ್ತವೆ, ಬೀದಿಯೆಲ್ಲ ಬಾಣಲೆ ಇಟ್ಕೊಂಡು ಕೂತಿದೆ. ಹೆರಿಗೆ ಹೊತ್ತಲ್ಲಿ ತೊಟ್ಟಿಲು ಮುರೀತಾರೇನೇ? ಕಾಲೇಜಲ್ಲಿ ಇದನ್ನೇ ಕಲಿಸಿದ್ರಾ?" ಅವಳ ಸಿಟ್ಟು ನ್ಯಾಯವೇ. ಹೋದ ವರ್ಷವೂ ಅಮ್ಮ ಆ ದಪ್ಪ ಕುಂಡಿಯ ರೆಕ್ಕೆಯಿರುವೆಗಳನ್ನು ಹಿಡಿದು ಉಪ್ಪುನೀರಲ್ಲಿ ನೆನೆಸಿ, ಮಡಕೆಯೋಡಿನ ಮೇಲೆ ಹುರಿದು, ನಿನ್ನ ಪಾಲೆಂದು ಒಂದು ಹಿಡಿ ಡಬ್ಬಿಯಲ್ಲಿ ತೆಗೆದಿಟ್ಟಿದ್ದಳು.

ಕ್ರಿಸಾಂತೊ ಬಂದದ್ದು ಮೊನ್ನೆ ಶನಿವಾರ ಬೆಳಿಗ್ಗೆ. ಅಮ್ಮ ವಾರದ ಚುಟ್ಟಾ ಕೊಟ್ಟುಬರಲು ಪೇಟೆಗೆ ಹೋಗಿದ್ದಳು. ಗೂಡಿಗೆ ಎಲ್ಲೆಲ್ಲಿ ಬಾಯಿಗಳಿವೆಯೆಂದು ತಿಳಿಯದೆ ವಿಷ ಹಾಕಬಾರದು, ಮೊದಲು ಹೊಗೆ ಊದಿ ನೋಡಬೇಕು ಎಂದ ಕ್ರಿಸಾಂತೊ. ನಮ್ಮೂರಲ್ಲಿ ಹೊಗೆಗೆ ಬೇರೆ ಏನು ಹುಡುಕುತ್ತಾರೆ, ಹಿತ್ತಲಲ್ಲಿ ಅಮ್ಮ ರಾಶಿ ಹಾಕಿದ್ದ ತಂಬಾಕಿನ ದಂಟನ್ನೇ ತಂದುಕೊಟ್ಟೆ. ಅವನು ತಾನು ತಂದಿದ್ದ ತಿದಿಯ ಒಲೆಗೆ ದಂಟು ತುಂಬಿ ಹಚ್ಚಿ, ಅದರ ಕೊಳವೆಯನ್ನು ಗೂಡಿನ ಬಾಯಿಗಿಟ್ಟ, ನಾನು ತಿದಿ ಒತ್ತಿದೆ. ಮೊದಲು ಹುಲ್ಲಿನಲ್ಲಿ ಅಲ್ಲೊಂದು ಇಲ್ಲೊಂದು ಎಳೆ ಎದ್ದಿತು, ನೆಲವೇ ಕೂತು ಚುಟ್ಟಾ ಸೇದುತ್ತಿರುವ ಹಾಗೆ. ಆಮೇಲೆ ಕಿತ್ತಳೆ ಮರದ ಬುಡದಲ್ಲಿ. ಬೀದಿಯವರೆಲ್ಲ ಸೇರಿ ನಗುತ್ತಿದ್ದರು. ಒತಿಲಿಯಕ್ಕನ ಕೋಳಿಗೂಡಿನಲ್ಲೂ ಹೊಗೆ ಎದ್ದು ಕೋಳಿಗಳು ಕಿರುಚಿಕೊಂಡಾಗ ಕ್ರಿಸಾಂತೊ, "ಒತಿಲಿಯಕ್ಕಾ, ನಿಮ್ಮನೆ ಗೂಡು ಇವರ ಮನೆ ಗೂಡು ಒಂದೇ ಕಣ್ರೀ! ನೀವು ತಂದು ಸುರಿದಿದ್ದು ಅವುಗಳ ಮಣ್ಣನ್ನೇ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ ಅಣ್ಣಾ. ಎಷ್ಟೋ ದಿನಗಳ ಮೇಲೆ ಜೋರಾಗಿ ನಕ್ಕೆ.

ಆಗ ಮನೆಯೊಳಗಿಂದ ಅಮ್ಮನ ದನಿ ಕೇಳಿತು. ಹಿತ್ತಲ ಬಾಗಿಲಿಂದ ಯಾವಾಗ ಬಂದಿದ್ದಳೋ ಗೊತ್ತಿಲ್ಲ. "ಎಲಿಯೆಸೆರ್! ಮತ್ತೆ ಒಳಗೆ ಕೂತು ಸೇದ್ತಿದ್ದೀಯಲ್ಲೋ, ಕತ್ತೆ! ಹಾಸಿಗೆ ಸುಟ್ಕೊಂಡು ಸಾಯ್ತೀಯ ಅಂತ ಎಷ್ಟು ಸಲ ಬಡ್ಕೋಬೇಕೋ ನಾನು? ತೆಗಿ ಬಾಗ್ಲು! ಬಿಸಿ ಇರೋವಾಗ ಬಂದು ಉಣ್ಣು!" ಗಂಟಲಲ್ಲಿ ಅಳು ಇರಲಿಲ್ಲ. ದಿನನಿತ್ಯದ ದನಿ, ನಿನ್ನನ್ನು ಬೈಯುವ ದನಿ. ತಿದಿಯ ಮೇಲೆ ನನ್ನ ಕೈ ನಿಂತಿತು, ಆದರೆ ಹೊಗೆ ನಿಲ್ಲಲಿಲ್ಲ. ಕ್ರಿಸಾಂತೊ ಟೋಪಿ ತೆಗೆದು ಎದೆಗೊತ್ತಿಕೊಂಡ. ನಾನು ಒಳಗೆ ಓಡಿದೆ. ನಿನ್ನ ಬಾಗಿಲ ಕೆಳಗಿನ ಸಂದಿನಿಂದ ಹೊಗೆ ಬರುತ್ತಿತ್ತು, ಅದೇ ತಂಬಾಕು, ಅದೇ ವಾಸನೆ, ಅಮ್ಮ ಬೇಡವೆಂದು ಎಸೆದ ಚುಟ್ಟಾ ನೀನು ಕದ್ದು ಸೇದುವಾಗ ಬರುತ್ತಿದ್ದ ಹಾಗೆಯೇ ಬಾಗಿ ಬಾಗಿ ಬರುತ್ತಿತ್ತು. ಕೀಲಿಕೈ ಅಮ್ಮನ ಕೊರಳಲ್ಲೇ ತೂಗುತ್ತಿತ್ತು. ಆದರೂ ಅವಳು ಬಾಗಿಲು ಬಡಿಯುತ್ತಿದ್ದಳು. ಅದು ಇರುವೆಯ ಹೊಗೆ ಅಮ್ಮಾ, ನಾನೇ ಊದಿದ್ದು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಯಾಕೆಂದರೆ ನಾನೂ ಕಿವಿಗೊಟ್ಟು ನಿಂತಿದ್ದೆ. ಒಳಗಿನ ಚಿಲಕ ಸರಿಯುತ್ತದೆ ಎಂದೇ ಕಾದೆ.

ಎಷ್ಟು ಹೊತ್ತೋ. ಅಮ್ಮ ಬಡಿಯುವುದನ್ನು ನಿಲ್ಲಿಸಿ ಬಾಗಿಲಿಗೆ ಕೆನ್ನೆ ಇಟ್ಟಳು. ಆಮೇಲೆ ಕೊರಳಿನಿಂದ ಕೀಲಿಕೈ ತೆಗೆದು ತಾನೇ ಬೀಗ ತೆಗೆದಳು. ಹೊಗೆ ತಿಳಿಯಾದಮೇಲೆ ಕಂಡದ್ದನ್ನು ನಿನಗೆ ಬರೆಯಬಾರದು, ಆದರೂ ಬರೆಯುತ್ತೇನೆ. ನೆಲ ಬಾಯಿಬಿಟ್ಟಿತ್ತು. ನಿನ್ನ ಮಂಚದ ಉದ್ದಕ್ಕೂ ಇರುವೆಗಳು ಕೆಳಗಿನ ಮಣ್ಣನ್ನು ಮೇಲೆ ತಂದು ಗುಡ್ಡೆ ಹಾಕಿದ್ದವು. ಒಬ್ಬ ಮಲಗುವಷ್ಟು ಉದ್ದ, ಒಬ್ಬ ಮಲಗುವಷ್ಟೇ ಅಗಲ. ಮೇಲೆ ಕಿತ್ತಳೆಹೂವಿನ ಎಸಳುಗಳು ಅಲ್ಲಲ್ಲಿ ಬಿದ್ದಿದ್ದವು. ಅಮ್ಮ ಅದನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಹೊರಗೆ ಹೋಗಿ, "ವಿಷ ಹಾಕಿಬಿಡಿ ಕ್ರಿಸಾಂತಣ್ಣ" ಎಂದಳು. ಒತಿಲಿಯಕ್ಕ ಅವಳ ಕೈ ಹಿಡಿದುಕೊಂಡು, "ಆತುರ ಬೇಡ ಕಣೇ, ಹುಡುಗ ಎಲ್ಲೋ ಇರ್ತಾನೆ" ಅಂದಳು. ಅದಕ್ಕೆ ಅಮ್ಮ, "ಇಲ್ಲ ಒತಿಲಿಯಾ. ಇದ್ದಿದ್ರೆ ಇಷ್ಟು ಬೈಸ್ಕೊಂಡು ಸುಮ್ನಿರೋನಲ್ಲ ಅವ್ನು. ಒಂದು ಅಂದ್ರೆ ಎರಡು ತಿರುಗಿಸಿ ಅನ್ನೋನು."

ಅಷ್ಟು ಹೊತ್ತಿಗೆ ಮೋಡ ಕವಿಯಿತು. ಕಾಳು ನೆಂದರೆ ಇರುವೆ ಮೂಸುವುದೂ ಇಲ್ಲ, ಮುಂದಿನ ಶನಿವಾರ ಬರುತ್ತೇನೆಂದು ಕ್ರಿಸಾಂತೊ ಚೀಲವನ್ನು ನಮ್ಮಲ್ಲೇ ಬಿಟ್ಟು ಹೋದ. ನಿನ್ನೆ ಚರ್ಚಿನಲ್ಲಿ ಪೂಜೆ ಮುಗಿದಮೇಲೆ ಅಮ್ಮ ಪಾದ್ರಿಗಳ ಹತ್ತಿರ ಹೋದಳು. ಇಷ್ಟು ಕಾಲ ಪ್ರಾರ್ಥನೆಯಲ್ಲಿ ನಿನ್ನ ಹೆಸರನ್ನು ಪ್ರಯಾಣದಲ್ಲಿರುವವರ ಜೊತೆ ಓದಿಸುತ್ತಿದ್ದವಳು, ಬರುವ ಭಾನುವಾರದಿಂದ ತೀರಿಕೊಂಡವರ ಜೊತೆ ಓದಿ ಎಂದು ಹೇಳಿದಳು. ಮನೆಗೆ ಬಂದು ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದಳು, ಅಂಗಿಗಳನ್ನು ಒಗೆದಳು, ನಾನು ಬಸ್ಸಿಗೆ ಹೊರಟಾಗ ಬೆಲ್ಲದ ನೀರು ಕುಡಿಸಿ, "ಚೆನ್ನಾಗಿ ಓದ್ಕೋ" ಎಂದಳು. ಬೈಯಲಿಲ್ಲ. ನಮ್ಮ ಕಡೆ ಬೈಯದೆ ಕಳಿಸುವುದು ಎಂಥ ಕೆಟ್ಟ ಲಕ್ಷಣ ಎಂದು ನಿನಗೆ ಗೊತ್ತು.

ಸಾಕು, ಕ್ಲಾಸಿಗೆ ಹೊತ್ತಾಯಿತು. ನೀನಿರುವ ಕಡೆ ನೆಲ ಗಟ್ಟಿಯಾಗಿರಲಿ, ತಲೆಯ ಮೇಲೆ ಸೂರಿರಲಿ, ಯಾರಾದರೂ ನಿನ್ನನ್ನು ಊಟಕ್ಕೆ ಕರೆಯುವವರಿರಲಿ. ಒತಿಲಿಯಕ್ಕ ನೆನಪು ತಿಳಿಸಿದ್ದಾಳೆ, ಕೋಳಿಗಳ ಪರವಾಗಿಯೂ.

ನಿನ್ನ ತಂಗಿ,
ಯಾಮಿಲೆ

ಮರೆತದ್ದು: ವಿಷದ ಚೀಲ ಊರಲ್ಲಿಲ್ಲ, ಇಲ್ಲಿ ನನ್ನ ಮಂಚದ ಕೆಳಗಿದೆ. ಸ್ವೆಟರಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಇರುವೆ ಸಾಯಲಿ ಎಂದು ಹಟ ಹಿಡಿದವಳು ನಾನೇ, ಆದರೆ ಅವು ಸತ್ತರೆ ಆ ಬಾಗಿಲಲ್ಲಿ ಇನ್ನೆಂದೂ ಹೊಗೆ ಬರುವುದಿಲ್ಲವಲ್ಲ. ಅಮ್ಮ ಬೆಳಿಗ್ಗೆ ಫೋನ್ ಮಾಡಿ ಚೀಲ ಎಲ್ಲಿಟ್ಟೆ ಎಂದು ಕೇಳಿದಳು, ಗೊತ್ತಿಲ್ಲ ಎಂದೆ. ಬಿರುಕು ಇನ್ನಷ್ಟು ಬಿಟ್ಟಿದೆಯಂತೆ, ಅವಳು ಅದರ ಪಕ್ಕದಲ್ಲೇ ಮಲಗುತ್ತಾಳೆ, ಹಾಗಾಗಿ ಶುಕ್ರವಾರದ ಬಸ್ಸಿಗೆ ನಾನಿದನ್ನು ವಾಪಸ್ಸು ಒಯ್ಯಲೇಬೇಕು. ಅಲ್ಲಿಯವರೆಗೆ ನಿನಗೆ ಟೈಮಿದೆ. ವಿಳಾಸ ಗೊತ್ತಿಲ್ಲದ್ದರಿಂದ ಕವರಿನ ಮೇಲೆ ಬರೀ ನಿನ್ನ ಹೆಸರು ಬರೆದಿದ್ದೇನೆ. ಕತ್ತೆ, ಮೈಗಳ್ಳ, ತಾಯಿಯ ನಿದ್ದೆ ತಿಂದವನೇ, ಒಂದು ಫೋನ್ ಮಾಡಲಾಗದ ಕಟುಕ. ಬೈಯುತ್ತಿದ್ದೇನೆ ಅಣ್ಣಾ. ತಿರುಗಿಸಿ ಬೈ.