ಹತ್ತೊಂಬತ್ತನೇ ಹಂತದ ಕೆರೆ

ಕೆಂಗಲ್ಲೂರು, ಬೀದರ ಸೀಮೆ
ಫೆಬ್ರವರಿ ೩೦, ೨೨೩೧

ನೀಲಾಂಬಿಕಾ ಅವರಿಗೆ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ, ನಾನು ತಪ್ಪು ಬರೆದಿಲ್ಲ. ನಮ್ಮ ಹಿರಿಯರು ಏಪ್ರಿಲ್, ಮೇ ತಿಂಗಳುಗಳಿಂದ ಒಂದೊಂದು ದಿನ ಕಿತ್ತು ಫೆಬ್ರವರಿಗೆ ಕೊಟ್ಟರು. ಬಿಸಿಲು ಅದರಿಂದ ಒಂದು ದಿನವೂ ಕಡಿಮೆಯಾಗಲಿಲ್ಲ, ಹೇಳಿಕೊಳ್ಳಲು ಒಂದು ಸಮಾಧಾನವಾಯಿತು ಅಷ್ಟೆ. ನನ್ನ ಕೆಲವು ಮಾತುಗಳು ನಿಮಗೆ ಹೊಸದೆನಿಸಬಹುದು, ಕ್ಷಮಿಸಿ. ಆಗಾಗ ಬಿಡಿಸಿ ಹೇಳುತ್ತೇನೆ. ವಯಸ್ಸಿನಲ್ಲಿ ನೀವು ನನಗಿಂತ ಇನ್ನೂರು ವರ್ಷ ದೊಡ್ಡವರು. ಆದರೆ ಆಟ ಮಾಡಿದಾಗ ಇಪ್ಪತ್ಮೂರು ಎಂದು ಬರೆದುಕೊಂಡಿದ್ದೀರಿ, ಆ ಲೆಕ್ಕದಲ್ಲಿ ನನ್ನ ಮಗಳ ಓರಗೆಯವರು. ಹಾಗಾಗಿ ಗೌರವವನ್ನೂ ಕೊಡುತ್ತೇನೆ, ನಾಲ್ಕು ಮಾತು ಬೈಯುತ್ತೇನೆ ಕೂಡ.

ನಿಮ್ಮ ಆಟದ ಮೊದಲ ಪರದೆಯಲ್ಲಿ ನೀವೇ ಹೇಳಿದ್ದೀರಿ: ‘ನನಗಿಷ್ಟವಾದ ಒಂದು ಆಟದ ಮೇಲಿನ ಪ್ರೀತಿಗೆ ಬಿಡುವಿನಲ್ಲಿ ಮಾಡಿದ್ದು. ಮೂಲ ಆಟದವರಿಗೂ ನನಗೂ ಸಂಬಂಧವಿಲ್ಲ. ಚೆನ್ನಾಗಿದ್ದರೆ ಆಡಿ, ತಪ್ಪಿದ್ದರೆ ಬರೆದು ತಿಳಿಸಿ.’ ಆ ಮೂಲ ಆಟ ಯಾವುದೋ ಇಲ್ಲಿ ಯಾರಿಗೂ ಗೊತ್ತಿಲ್ಲ. ದೇವರು ಹೋಗಿ ಭಕ್ತರ ಹಾಡು ಉಳಿದ ಹಾಗೆ ನಿಮ್ಮ ಅಭಿಮಾನದ ಆಟವೊಂದೇ ಉಳಿದಿದೆ. ಕೆಳಗೆ ‘ಅಭಿಪ್ರಾಯ ಕಳುಹಿಸಿ’ ಎಂಬ ಪೆಟ್ಟಿಗೆ ಇದೆ. ಅದರೊಳಗೇ ಇದನ್ನು ಬರೆಯುತ್ತಿದ್ದೇನೆ. ನನ್ನ ಹೆಸರು ಮಹಾನಂದಾ. ಕಸುಬು ಹೂಳುಗಾರಿಕೆ.

ಹೂಳುಗಾರರೆಂದರೆ ಸುರಂಗಕ್ಕೆ ಇಳಿದು ಹೂಳು ತೆಗೆಯುವವರು. ನಿಮ್ಮ ಕಾಲದಲ್ಲೇ ಹಳೆಯದಾಗಿದ್ದ, ಕೆಂಪು ಕಲ್ಲಿನೊಳಗೆ ಕೊರೆದ ಆ ನೀರಿನ ಸುರಂಗಗಳೇ ಇಂದು ಊರನ್ನು ಬದುಕಿಸಿವೆ. ಮೇಲಿನ ಕೆರೆಗಳೆಲ್ಲ ಹೋದವು. ನಡುಹಗಲಿನಲ್ಲಿ ಊರಿಗೆ ಊರೇ ನೆಲಮಾಳಿಗೆಗೆ ಇಳಿದು ಮಲಗುತ್ತದೆ, ಅದಕ್ಕೆ ಉರಿನಿದ್ದೆ ಎನ್ನುತ್ತೇವೆ. ಬಿಸಿಲು ಇಳಿದ ಮೇಲೆ ಎದ್ದು ಕಡಕ್ ರೊಟ್ಟಿ, ಪುಂಡಿಪಲ್ಲೆ ತಿಂದು, ನೀರಿಗಾಗಿ ಕೊಡಸರದಿಗೆ ನಿಲ್ಲುತ್ತೇವೆ. ಮನೆಗೆ ಮೂರು ಕೊಡ ಇದ್ದದ್ದು ಈ ವರ್ಷ ಎರಡಕ್ಕೆ ಬಂದಿದೆ. ಸುರಂಗದ ನಕ್ಷೆಗಳು ಎಂದೋ ಸುಟ್ಟುಹೋದವು. ನನ್ನ ಅಜ್ಜಿ ಹುಡುಗಿಯಾಗಿದ್ದಾಗ, ನಿಮ್ಮ ಆಟದ ಮೂರನೇ ಹಂತ ಆಡುತ್ತಾ ಕೂತವಳು ಇದ್ದಕ್ಕಿದ್ದಂತೆ ಎದ್ದು, “ಇದು ನಮ್ಮ ಆಲದಮರದ ಬಾವಿ ಹಾದಿ ಅದ!” ಎಂದು ಕೂಗಿದಳಂತೆ. ಹಿರಿಯರು ಇಳಿದು ನೋಡಿದರು. ತಿರುವಿಗೆ ತಿರುವು ಕೂಡಿತು. ಅಂದಿನಿಂದ ನಿಮ್ಮ ಆಟವೇ ನಮ್ಮ ನಕ್ಷೆ, ನಮ್ಮ ಶಾಲೆ.

ಈಗ ನೀವು ಕೇಳಿದ ಅಭಿಪ್ರಾಯ. ಮೊದಲು ಹೊಗಳಿಕೆ. ನಿಮ್ಮ ಆಟದಲ್ಲಿ ಅವಸರವಿಲ್ಲ. ಗಡಿಯಾರ ಓಡುವುದಿಲ್ಲ, ಯಾರೂ ಬೆನ್ನಟ್ಟುವುದಿಲ್ಲ. ಮಿಂಚುಹುಳು ಮಿಂಚಿಯ ಬೆಳಕು ನಲವತ್ತು ಹೆಜ್ಜೆಗೆ ಮುಗಿಯುತ್ತದೆ, ಅಷ್ಟರೊಳಗೆ ಮೇಲಿಂದ ಬೆಳಕು ಬೀಳುವ ಕಿಂಡಿ ತಲುಪಬೇಕು. ಈ ಒಂದೇ ನಿಯಮದಲ್ಲಿ ಹದಿನೆಂಟು ಹಂತ ಬೇಸರವಾಗದಂತೆ ಆಡಿಸಿದ್ದೀರಿ, ಅದು ಸಣ್ಣ ಕೆಲಸವಲ್ಲ. ನಮ್ಮ ಮಕ್ಕಳು ಸುರಂಗದಲ್ಲಿ ಇಂದಿಗೂ ನಲವತ್ತು ಎಣಿಸಿ ಕಿಂಡಿಯ ಕೆಳಗೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಅವರ ಜೀವ ನೀವು ಕೊಟ್ಟ ಲೆಕ್ಕದಲ್ಲಿ ಉಳಿದಿದೆ. ಸೋತರೂ ನಿಮ್ಮ ಆಟ ಯಾರನ್ನೂ ಅಣಕಿಸುವುದಿಲ್ಲ. ನೀರು ತೊಟ್ಟಿಕ್ಕುವ ಸದ್ದನ್ನಂತೂ ಎಲ್ಲಿಂದ ತಂದಿರೋ, ಕೇಳಿದರೆ ಬಾಯಾರಿಕೆಯಾಗುತ್ತದೆ.

ಇನ್ನು ತಪ್ಪುಗಳು. ಬಾಣದ ಗುಂಡಿಗಳು ತೀರಾ ಚಿಕ್ಕವು, ಹೂಳು ತೆಗೆದ ಬೆರಳಿಗೆ ಸಿಗುವುದಿಲ್ಲ. ಎಲ್ಲ ಹಂತಕ್ಕೂ ಒಂದೇ ಹಾಡು, ತಲೆ ಚಿಟ್ಟುಹಿಡಿಯುತ್ತದೆ. ಹನ್ನೆರಡನೇ ಹಂತದಲ್ಲಿ ಮೂರು ದಾರಿಯೂ ಒಂದೇ ಥರ ಬರೆದು ಆಡುವವರ ಹೊಟ್ಟೆ ಉರಿಸಿದ್ದೀರಿ. ಮಿಂಚಿಯ ಎಡರೆಕ್ಕೆ ಬಲಗಡೆಯದಕ್ಕಿಂತ ಸಣ್ಣದು, ನಿಮಗೆ ಕಾಣಲಿಲ್ಲವೇ? ಇವೆಲ್ಲ ಹೊಟ್ಟೆಗೆ ಹಾಕಿಕೊಳ್ಳಬಹುದಾದ ತಪ್ಪುಗಳು. ದೊಡ್ಡ ತಪ್ಪು ಕೊನೆಯಲ್ಲಿದೆ. ಹತ್ತೊಂಬತ್ತನೇ ಹಂತ ಗೆದ್ದ ಮೇಲೆ ಪರದೆಯ ಮೇಲೆ ಸಣ್ಣ ಅಕ್ಷರಗಳು ಕೆಳಗಿನಿಂದ ಮೇಲಕ್ಕೆ ಓಡುತ್ತವೆ. ತುಂಬಾ ಬೇಗ ಓಡುತ್ತವೆ. ಓದಲಾಗದ ಆ ಅಕ್ಷರಗಳನ್ನು ನಮ್ಮವರು ಪ್ರಾರ್ಥನೆ ಎಂದು ತಿಳಿದರು. ಅವು ಓಡುವಾಗ, ಊರವರೆಲ್ಲ ಕೂಡಿ ನಿಮ್ಮ ಆಟ ಆಡುವ ಆಟದಮನೆಯಲ್ಲಿರುವ ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿಯಬೇಕು, ಅದು ನಮ್ಮ ಪದ್ಧತಿ. ಅರವತ್ತು ವರ್ಷ ಊರಿನಲ್ಲಿ ಒಬ್ಬರೂ ಕಣ್ಣು ತೆರೆಯಲಿಲ್ಲ. ನಾನೂ ತೆರೆಯಲಿಲ್ಲ.

ಆ ಹಂತದಲ್ಲಿ ನೀವು ಒಂದು ಕೆರೆ ಇಟ್ಟಿದ್ದೀರಿ. ಹದಿನೆಂಟನೇ ಸುರಂಗ ಮುಗಿಯುವ ಗೋಡೆಯಲ್ಲಿ ಎಡಗಡೆಯ ಮೂರನೇ ಕಲ್ಲನ್ನು ತಳ್ಳಿದರೆ ಬಾಗಿಲು ತೆರೆಯುತ್ತದೆ. ಒಳಗೆ ಪರದೆ ತುಂಬ ನೀಲಿ ನೀರು. ನಮ್ಮ ಸುರಂಗದಲ್ಲೂ ಆ ಗೋಡೆ ಇದೆ, ಎಡಗಡೆ ಮೂರನೇ ಕಲ್ಲೂ ಇದೆ. ಹನ್ನೊಂದು ವರ್ಷದ ಹಿಂದೆ ಇದೇ ರೀತಿ ನೀರು ಇಳಿದಾಗ, ಆ ಕಲ್ಲನ್ನು ಕೀಳಬೇಕೋ ಬೇಡವೋ ಎಂದು ನನ್ನ ತಮ್ಮ ಬಂಡೆಪ್ಪ ನನ್ನ ಬಳಿ ಬಂದು ಕೂತ. ಅವನಿಗೆ ಅನುಮಾನವಿತ್ತು. “ಹದಿನೆಂಟು ಖರೇ ಆಗ್ಯಾವ, ಹತ್ತೊಂಬತ್ತನೇದು ಯಾಕ ಸುಳ್ಳಾಗ್ತದ? ಆಟದಾಗ ಅದ ಅಂದ್ರ ಇರ್ತದ, ಹೋಗು,” ಎಂದವಳು ನಾನು. ಅವನು ನಕ್ಕ. “ಆಯ್ತಕ್ಕಾ, ನೀ ಹಗ್ಗ ಹಿಡಿ, ಸಾಕು,” ಎಂದ.

ಹಗ್ಗ ಹಿಡಿದು ಕಿಂಡಿಯ ಬಾಯಲ್ಲಿ ಕೂತೆ. ಮೂರನೇ ಕಲ್ಲು ಕಿತ್ತ ಸದ್ದು ಕೇಳಿತು, ಹಿಂದೆಯೇ ನೆಲ ನಡುಗಿತು. ಹಗ್ಗ ಸಡಿಲವಾಗಿ ಮೇಲೆ ಬಂತು, ತುದಿಯಲ್ಲಿ ಕೆಂಪು ಮಣ್ಣು.

ನಿಮಗೆ ಗೊತ್ತಿರಬೇಕಾದ ಒಂದು ಮಾತಿದೆ. ಆಡುವವರು ಬಹಳ ಹೊತ್ತು ಪರದೆ ಮುಟ್ಟದಿದ್ದರೆ ಮಿಂಚಿ ಕೂತುಬಿಡುತ್ತಾಳೆ, ನಮ್ಮ ಕಡೆ ತಿರುಗಿ, “ನಾ ಇಲ್ಲೇ ಅದೀನಿ,” ಎನ್ನುತ್ತಾಳೆ. ಅದು ನಿಮ್ಮದೇ ದನಿ ಇರಬೇಕು. ಹಿಂದೆ ಎಲ್ಲೋ ಒಂದು ಕುಕ್ಕರ್ ಕೂಗುವುದೂ ಕೇಳಿಸುತ್ತದೆ. ಆ ಮಾತಿನಿಂದಲೇ ನಮ್ಮ ಬಡಿತದ ಪದ್ಧತಿ ಹುಟ್ಟಿತು. ಸುರಂಗದಲ್ಲಿರುವವರು ಗೋಡೆಗೆ ಮೂರು ಸಲ ಬಡಿದರೆ ‘ನಾ ಇಲ್ಲೇ ಅದೀನಿ’ ಎಂದರ್ಥ. ಮೇಲಿನವರು ಎರಡು ಸಲ ಬಡಿದರೆ ‘ಕೇಳಸ್ತು’ ಎಂದರ್ಥ. ಎರಡನೆಯದು ನಿಮ್ಮ ಆಟದಲ್ಲಿಲ್ಲ, ನಮ್ಮವರು ಸೇರಿಸಿಕೊಂಡದ್ದು.

ಮಣ್ಣು ಕುಸಿದ ಸ್ವಲ್ಪ ಹೊತ್ತಿಗೆ ಬಂಡೆಪ್ಪ ಮೂರು ಸಲ ಬಡಿದ. ನಾನು ಕಲ್ಲು ಎತ್ತಿಕೊಂಡೆ. ಊರಿನ ಹಿರಿಯ ಶರಣಪ್ಪ ಮುತ್ಯಾ ನನ್ನ ಕೈ ಹಿಡಿದ. “ಬಡೀಬ್ಯಾಡ ತಂಗಿ. ನೀ ಉತ್ತರ ಕೊಟ್ಟಿ ಅಂದ್ರ ಅವ ಮತ್ತ ಮತ್ತ ಬಡೀತಾನ. ಸುಮ್ಮ ಮಲಗ್ಲಿ, ಉಸಿರು ಉಳೀತದ. ಅಷ್ಟರಾಗ ಅಗದು ತೆಗಿತೀವಿ.” ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಜನ ಅಗೆದರು, ಅಗೆದಷ್ಟೂ ಮಣ್ಣು ಇಳಿಯಿತು. ಬಂಡೆಪ್ಪ ಎರಡು ದಿನ ಬಡಿದ. ನಾನು ಎರಡು ದಿನವೂ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಆಗ ಎಂಟು ವರ್ಷದವಳಾಗಿದ್ದ ನನ್ನ ಮಗಳು ಮುಕ್ತಾ ಪಕ್ಕದಲ್ಲಿದ್ದಳು. “ಅವ್ವಾ, ಮಾಮಾ ಬಡೀಲಿಕತ್ತಾನ, ನೀ ಯಾಕ ಸುಮ್ಮ ಕುಂತಿ?” ಎಂದು ಕೇಳುತ್ತಲೇ ಇದ್ದಳು. ಮೂರನೆಯ ದಿನ ಬಡಿತ ನಿಂತಿತು. ತಮ್ಮ ಸಿಗಲಿಲ್ಲ. ಈಗಲೂ ಮೂರು ಸಲ ಏನು ಸದ್ದಾದರೂ ನನ್ನ ಕೈ ಕಲ್ಲು ಹುಡುಕುತ್ತದೆ. ಮನೆಯಲ್ಲಿ ಯಾರೂ ರೊಟ್ಟಿಯನ್ನು ಮೂರು ಸಲ ತಟ್ಟಿ ನಿಲ್ಲಿಸುವುದಿಲ್ಲ.

ತಿಂಗಳ ನಂತರ ಆಟದಮನೆಯಲ್ಲಿ ಅಕ್ಷರಗಳು ಓಡುವಾಗ ಸಿಟ್ಟಿನಿಂದ ಕಣ್ಣು ತೆರೆದೇ ಕೂತೆ. ಯಾರಿಗೆ ಕೈ ಮುಗಿಯಲಿ ಎನ್ನಿಸಿತ್ತು. ಏಳು ಸಲ ಆಡಿ ಗೆದ್ದು, ಸಲಕ್ಕೊಂದು ಸಾಲು ಹಿಡಿದು ಓದಿದೆ. ‘ಹದಿನೆಂಟು ಹಂತಗಳನ್ನು ನಮ್ಮೂರ ಸುರಂಗಗಳ ನಕ್ಷೆ ನೋಡಿ ಮಾಡಿದೆ. ನಕ್ಷೆ ಗೋಡೆಯ ಹತ್ತಿರ ಮುಗಿದುಹೋಯಿತು. ಗೋಡೆಗೆ ಆಟ ಮುಗಿಸಲು ನನಗೆ ಮನಸ್ಸಾಗಲಿಲ್ಲ. ಕೆರೆ ನನ್ನ ಕಲ್ಪನೆ.’

ಊರಿನವರಿಗೆ ಹೇಳಿದೆ. “ಕಣ್ಣು ತೆರದದ್ದೇ ನಿಂದು ತಪ್ಪು,” ಎಂದರು. ತಮ್ಮನ ದುಃಖಕ್ಕೆ ಬುದ್ಧಿ ಕೆಟ್ಟಿದೆ ಎಂದರು. ಮುಕ್ತಾ ಬೆಳೆದಳು, ಹೂಳುಗಾರ್ತಿಯಾದಳು, ನನ್ನ ಜೊತೆ ಬೇಕಾದಷ್ಟೇ ಮಾತು. ಈ ವರ್ಷ ಕೊಡ ಎರಡಕ್ಕೆ ಇಳಿದ ದಿನ ಅವಳು ಹಗ್ಗ ಹೊಸೆಯಲು ಕೂತಳು. ಗೋಡೆಯ ಬಲಗಡೆಯಿಂದ ಕೊರೆದು ಕೆರೆ ಮುಟ್ಟುತ್ತೇನೆ, ಮಾಮಾ ಅಲ್ಲಿಗೆ ತಲುಪಿದ್ದಾನೆ, ಅದಕ್ಕೇ ಬಡಿತ ನಿಂತದ್ದು ಎಂದಳು. ಹನ್ನೊಂದು ವರ್ಷ ಈ ಹುಡುಗಿ ಹಾಗೆ ನಂಬಿಕೊಂಡು ಬದುಕಿದ್ದಾಳೆ, ನನಗೆ ತಿಳಿದೇ ಇರಲಿಲ್ಲ.

ನಿನ್ನೆ ಅವಳ ಕಾಲು ಹಿಡಿದೆ. ತಾಯಿ ಮಗಳ ಕಾಲು ಹಿಡಿಯಬಾರದು, ಹಿಡಿದೆ. ಒಂದೇ ಸಲ ಕಣ್ಣು ತೆರೆದು ನೋಡು, ಆಮೇಲೆ ನಿನ್ನಿಷ್ಟ ಎಂದೆ. ಇಂದು ಬೆಳಗ್ಗೆ ಇಬ್ಬರೂ ಆಟದಮನೆಗೆ ಹೋದೆವು. ಅವಳು ಆಡಿದಳು. ಸೊಂಟಕ್ಕೆ ಹಗ್ಗ ಸುತ್ತಿಕೊಂಡೇ ಆಡಿದಳು. ಅಕ್ಷರಗಳು ಓಡಿದವು. ಅವಳು ನನಗಿಂತ ಚುರುಕು, ಮೂರೇ ಸಲಕ್ಕೆ ಪೂರ್ತಿ ಓದಿದಳು. ಆಮೇಲೆ ಹಗ್ಗ ಬಿಚ್ಚಿ ನನ್ನ ಮಡಿಲಲ್ಲಿ ಹಾಕಿ, “ಹಂಗಾರ ಮಾಮಾ ಎಲ್ಲೀತನಾ ಹೋಗಿದ್ದ ಅವ್ವಾ?” ಎಂದಳು.

ನನ್ನ ಮಗಳು ಉಳಿದಳು. ಇಬ್ಬರೂ ಪರದೆ ಮುಟ್ಟದೆ ಕೂತೆವು. ಅಷ್ಟರಲ್ಲಿ ಮಿಂಚಿ ಕೂತಳು, ನಮ್ಮ ಕಡೆ ತಿರುಗಿದಳು, “ನಾ ಇಲ್ಲೇ ಅದೀನಿ,” ಎಂದಳು.

ನೀಲಾಂಬಿಕಾ ಅವರೇ, ನಿಮ್ಮ ಮೇಲೆ ಸಿಟ್ಟಿಲ್ಲ. ಗೋಡೆಗೆ ಕಥೆ ಮುಗಿಸಲು ಯಾರಿಗೆ ತಾನೇ ಮನಸ್ಸಾಗುತ್ತದೆ? ಕೆರೆ ತೆಗೆಯಬೇಡಿ. ಆ ಅಕ್ಷರಗಳನ್ನು ನಿಧಾನ ಮಾಡಿ, ಕೆರೆಗೆ ಮುಂಚೆಯೇ ಬರುವಂತೆ ಮಾಡಿ. ರೆಕ್ಕೆ, ಹಾಡು ಹೇಗಾದರೂ ಇರಲಿ. ಇನ್ನೊಂದೇ ಒಂದು ಬೇಡಿಕೆ. ಪೆಟ್ಟಿಗೆಯ ಪಕ್ಕದಲ್ಲಿ ‘ಕಳುಹಿಸಲಾಗುತ್ತಿದೆ’ ಎಂದು ಒಂದು ಚಕ್ರ ತಿರುಗುತ್ತಲೇ ಇರುತ್ತದೆ, ಈ ಪತ್ರ ನಿಮ್ಮನ್ನು ಮುಟ್ಟುತ್ತದೋ ಇಲ್ಲವೋ ನಾನರಿಯೆ. ಮುಟ್ಟಿದರೆ, ಮಿಂಚಿ ಕತ್ತಲಲ್ಲಿ ಕೂತು ಇಲ್ಲೇ ಅದೀನಿ ಎಂದಾಗ ಆಡುವವರಿಗೆ ಒಂದು ಗುಂಡಿ ಕೊಡಿ. ದೊಡ್ಡ ಗುಂಡಿ, ಹೂಳಿನ ಬೆರಳಿಗೂ ಸಿಗುವಂಥದ್ದು. ಒತ್ತಿದರೆ ಬಾಗಿಲು ತೆರೆಯುವುದು ಬೇಡ, ಬೆಳಕು ಬರುವುದೂ ಬೇಡ. ‘ಕೇಳಸ್ತು’ ಎಂದು ಅವಳಿಗೆ ತಿಳಿದರೆ ಸಾಕು.

ಮಹಾನಂದಾ